ಸಮದರ ಮತ್ತು ಸಮಭಾರ

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಸಮಾಧಾನದ ಮಾತಾಗಿ ಬಳಸುತ್ತೇವೆ. ದೊಡ್ಡವರಿಗೆ ದೊಡ್ಡ ಚಿಂತೆ, ಸಣ್ಣವರಿಗೆ ಸಣ್ಣ ಚಿಂತೆ. ಆದ್ದರಿಂದ ಯಾರೂ ಯಾರನ್ನೂ ನೋಡಿ ಕರುಬಬೇಕಾದ್ದಿಲ್ಲ ಎಂಬುದು ಅದರ ರೂಢಿಯ ಅರ್ಥ. ಆದರೆ ಈ ಚಿಕ್ಕ ಮಾತಿನ ಹೊಟ್ಟೆಯಲ್ಲಿ ರಾಜ್ಯನೀತಿಯ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಆನೆಗೂ ಇರುವೆಗೂ ಒಂದೇ ಮೂಟೆಯನ್ನು ಹೊರಿಸುವುದು ಅನ್ಯಾಯವೆಂಬುದು ಮಗುವಿಗೂ ತಿಳಿಯುತ್ತದೆ. ಆದರೆ ಎರಡಕ್ಕೂ ಅದರದರ ತೂಕದ ಹತ್ತರಲ್ಲಿ ಒಂದು ಪಾಲನ್ನು ಹೊರಿಸಿದರೆ ಅದು ನ್ಯಾಯವೇ? ಅಥವಾ ಆನೆಗೆ ಹತ್ತರಲ್ಲಿ ಮೂರು ಪಾಲು ಹೊರಿಸಿ, ಇರುವೆಯನ್ನು ಬರಿಗೈಯಲ್ಲಿ ಬಿಡುವುದು ನ್ಯಾಯವೇ? ಸಾರ್ವಜನಿಕ ಬೊಕ್ಕಸವನ್ನು ತುಂಬಲು ಹೊರಟ ಪ್ರತಿಯೊಬ್ಬ ಅರಸನೂ, ಪ್ರತಿಯೊಂದು ಶಾಸನಸಭೆಯೂ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತದೆ.

ನಮ್ಮ ಗದಗ ಸೀಮೆಯಲ್ಲಿ ಈ ಪ್ರಶ್ನೆಗೆ ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಒಂದು ಉತ್ತರವನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ್ದರು. ಈಗಿನ ಲಕ್ಷ್ಮೇಶ್ವರ ಆಗ ಪೊರಿಗೆರೆ. ಮುಂದೆ ಪಂಪನು ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟ ಊರು ಇದೇ. ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯನು ಇನ್ನೂ ಯುವರಾಜನಾಗಿದ್ದ ಕಾಲದಲ್ಲಿ, ಸುಮಾರು ಕ್ರಿ. ಶ. 725ರಲ್ಲಿ, ಈ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕಟ್ಟಿಕೊಟ್ಟನು. ಜನರು ವಾಸಿಸುವ ಮನೆಗಳು ವೈಶಾಖ ಮಾಸದಲ್ಲಿ ನಾಡಿನ ಅಧಿಕಾರಿಗೆ ಸಲ್ಲಿಸಬೇಕಾದದ್ದೆಷ್ಟು ಎಂಬುದು ಅದರಲ್ಲಿ ನಮೂದಾಗಿದೆ. ಉತ್ತಮವಾದ ಮನೆಗೆ 10 ಪಣ, ಮಧ್ಯಮಕ್ಕೆ 7 ಪಣ, ಅದಕ್ಕಿಂತ ಕೆಳಗಿನದಕ್ಕೆ 5 ಪಣ, ತೀರ ಕೆಳಗಿನದಕ್ಕೆ 3 ಪಣ. ಊರನ್ನು ನಾಲ್ಕು ಮೆಟ್ಟಿಲುಗಳಾಗಿ ಎಣಿಸಿ, ಮೆಟ್ಟಿಲಿಗೆ ತಕ್ಕಂತೆ ಭಾರವನ್ನು ಹಂಚಿದ ಲೆಕ್ಕ ಇದು.

ಇದಕ್ಕಿಂತಲೂ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಆ ಶಾಸನವು ತೆರಿಗೆಯಿಂದ ಆರಂಭವಾಗುವುದಿಲ್ಲ. ಅರಸನ ಅಧಿಕಾರಿಗಳು ಏನೇನನ್ನು ಕಾಪಾಡಬೇಕೆಂಬುದು ಮೊದಲು. ಒಕ್ಕಲಿಲ್ಲದ ಮನೆಗಳು, ಅರಸನು ಕೊಟ್ಟ ದಾನಗಳು, ಅನುಭವದಲ್ಲಿರುವ ಆಸ್ತಿ, ಊರಿನ ಕಟ್ಟಳೆ ಇವೆಲ್ಲ ಆಳುವವನ ಹೊಣೆಯೆಂದು ಹೇಳಿದ ಮೇಲೆ ಜನರ ಹೊಣೆಯ ಮಾತು ಬರುತ್ತದೆ. ‘ನೀನು ಇಷ್ಟನ್ನು ಕಾಯಿ, ನಾವು ಇಷ್ಟನ್ನು ಕೊಡುತ್ತೇವೆ’ ಎಂಬ ಎರಡು ಕೈಗಳ ಒಪ್ಪಂದದಂತೆ ಅದು ಕಾಣುತ್ತದೆ. ಈ ಅನುಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ಲಕ್ಷ್ಮೇಶ್ವರದ ಕಲ್ಲಿನಿಂದ ಬಾಲ್ಟಿಕ್ ಸಮುದ್ರದ ದಂಡೆಗೆ ಹೋಗುವುದು ದೂರದ ಪ್ರಯಾಣವೆನಿಸಬಹುದು. ಆದರೆ ಮೆಟ್ಟಿಲುಗಳ ತೆರಿಗೆ ಸರಿಯಲ್ಲವೆಂದು ನಮ್ಮ ಕಾಲದಲ್ಲಿ ಬಹು ಗಟ್ಟಿಯಾಗಿ ಸಾರಿದ ಪ್ರಯೋಗ ನಡೆದದ್ದು ಅಲ್ಲಿ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಎಸ್ಟೋನಿಯಾ ಎಂಬ ಪುಟ್ಟ ದೇಶವು ಮತ್ತೆ ಸ್ವತಂತ್ರವಾಯಿತು. ಅರ್ಧ ಶತಮಾನದ ಕಾಲ ಎಲ್ಲವೂ ಸರಕಾರದ್ದೇ ಆಗಿದ್ದ ಆ ನಾಡಿನಲ್ಲಿ ಪೇಟೆಯನ್ನೂ ಖಾಸಗಿ ಆಸ್ತಿಯನ್ನೂ ಹೊಸದಾಗಿ ಕಟ್ಟಬೇಕಾಗಿತ್ತು. ಮೂವತ್ತೆರಡರ ಹರೆಯದಲ್ಲಿ ಪ್ರಧಾನಿಯಾದ ಮಾರ್ಟ್ ಲಾರ್ ಎಂಬಾತನ ಸರಕಾರ 1994ರಲ್ಲಿ ಎಲ್ಲರ ಆದಾಯಕ್ಕೂ ಶೇಕಡಾ 26ರ ಒಂದೇ ದರವನ್ನು ಗೊತ್ತುಪಡಿಸಿತು. ರಷ್ಯವು 2001ರಲ್ಲಿ ಶೇಕಡಾ 13ರ ಏಕದರವನ್ನು ತಂದಿತು. ಸ್ಲೊವಾಕಿಯಾ 2004ರಲ್ಲಿ ವ್ಯಕ್ತಿಯ ಆದಾಯಕ್ಕೂ ಕಂಪನಿಯ ಲಾಭಕ್ಕೂ ಅಂಗಡಿಯ ಸರಕಿಗೂ ಶೇಕಡಾ 19 ಎಂಬ ಒಂದೇ ಅಂಕೆಯನ್ನು ಇಟ್ಟಿತು. ರುಮೇನಿಯಾ 2005ರಲ್ಲಿ ಶೇಕಡಾ 16, ಬಲ್ಗೇರಿಯಾ 2008ರಲ್ಲಿ ಶೇಕಡಾ 10 ಎಂದು ಆ ದಾರಿಯನ್ನೇ ಹಿಡಿದವು. ಸಮತೆಯ ಹೆಸರಿನಲ್ಲಿ ದಶಕಗಳ ಕಾಲ ಆಳಿಸಿಕೊಂಡ ದೇಶಗಳೇ, ಸ್ವಾತಂತ್ರ್ಯ ಬಂದಕೂಡಲೆ ಉಳ್ಳವನಿಗೂ ಇಲ್ಲದವನಿಗೂ ಒಂದೇ ದರವೆಂದು ಸಾರಿದ್ದು ಇತಿಹಾಸದ ಒಂದು ವಿಚಿತ್ರ.

ಈ ಪಕ್ಷದವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕಾಯಿದೆ ಸರಳವಾದಷ್ಟೂ ಜನ ಸುಳ್ಳು ಹೇಳುವುದು ಕಡಿಮೆಯಾಗುತ್ತದೆ ಎಂಬುದು ಅವರ ಮೊದಲನೆಯ ಮಾತು. ಇದಕ್ಕೆ ಸಾಕ್ಷಿ ನಮ್ಮ ದೇಶದಲ್ಲಿಯೇ ಇದೆ. 1973-74ರಲ್ಲಿ ಭಾರತದ ಆದಾಯ ತೆರಿಗೆಯ ತುತ್ತತುದಿಯ ದರವು ಅಧಿಭಾರವೂ ಸೇರಿ ಶೇಕಡಾ 97.75ಕ್ಕೆ ಮುಟ್ಟಿತ್ತು. ಕೊನೆಯ ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಮಾತ್ರ ಗಳಿಸಿದವನ ಕೈಯಲ್ಲಿ ಉಳಿಯಬೇಕೆಂದು ಹೇಳಿದ ಕಾಯಿದೆಯಿಂದ ಬಡವನ ಮನೆಗೆ ಬೆಳಕು ಬರಲಿಲ್ಲ. ಎರಡು ಲೆಕ್ಕದ ಪುಸ್ತಕಗಳನ್ನು ಇಡುವ ಕಲೆ ಬೆಳೆಯಿತು. ಪಾಲಿಸಲಾಗದ ಕಾಯಿದೆಯು ಬೊಕ್ಕಸಕ್ಕೆ ಮಾಡುವ ಹಾನಿಗಿಂತ ಜನರ ಶೀಲಕ್ಕೆ ಮಾಡುವ ಹಾನಿ ಹೆಚ್ಚಿನದು. 1997ರ ಮುಂಗಡಪತ್ರದಲ್ಲಿ 10, 20, 30 ಎಂಬ ಮೂರು ಮೆಟ್ಟಿಲುಗಳಿಗೆ ನಾವು ಇಳಿದು ಬಂದದ್ದು ಈ ಅನುಭವದ ತರುವಾಯವೇ.

ಅವರ ಎರಡನೆಯ ಮಾತು ಇನ್ನೂ ಆಳವಾದದ್ದು. 1960ರಲ್ಲಿ ಹೈಯೆಕ್ ಎಂಬ ಪಂಡಿತನು ಅದನ್ನು ಮುಂದಿಟ್ಟನು. ಬಹುಮತದವರು ತಾವು ತೆರದ ದರವನ್ನು ಅಲ್ಪಸಂಖ್ಯಾತರಾದ ಧನಿಕರ ಮೇಲೆ ಮಾತ್ರ ಹೇರಬಹುದಾದರೆ ಅದಕ್ಕೆ ಮಿತಿ ಎಲ್ಲಿ? ಶೇಕಡಾ 40 ನ್ಯಾಯವಾದರೆ 60 ಏಕಲ್ಲ, 90 ಏಕಲ್ಲ? ಎಲ್ಲರಿಗೂ ಒಂದೇ ದರವೆಂದಾಗ ದರ ಏರಿಸಬೇಕೆನ್ನುವವನು ತನ್ನ ಜೇಬನ್ನೂ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ. ಕಾಯಿದೆಯ ಮುಂದೆ ಎಲ್ಲರೂ ಸಮಾನರು ಎಂದ ಮೇಲೆ ತೆರಿಗೆಯ ಕಾಯಿದೆಗೆ ಮಾತ್ರ ಬೇರೆ ಕಣ್ಣೇಕೆ? ನಮ್ಮ ಧರ್ಮಶಾಸ್ತ್ರಗಳು ಅರಸನಿಗೆ ಬೆಳೆಯ ಆರನೆಯ ಒಂದು ಭಾಗವೆಂದು ಹೇಳಿದಾಗ ಅದೂ ಏಕದರವೇ ಅಲ್ಲವೇ?

ಮೂರನೆಯದಾಗಿ, ಪುಲಿಗೆರೆಯ ಕಲ್ಲನ್ನೇ ತೋರಿಸಿ ಅವರು ನಮ್ಮನ್ನು ಕೇಳಬಹುದು: ಹತ್ತು ಪಣ ಕೊಡುವ ಮನೆಯ ಸಂಪತ್ತು ಮೂರು ಪಣ ಕೊಡುವ ಮನೆಯದಕ್ಕಿಂತ ಮೂರು ಪಾಲಷ್ಟೇ ಹೆಚ್ಚಾಗಿತ್ತೇ? ವ್ಯಾಪಾರದ ಊರಿನಲ್ಲಿ ಸಾಹುಕಾರನ ಮನೆಗೂ ಕೂಲಿಕಾರನ ಗುಡಿಸಲಿಗೂ ಇಪ್ಪತ್ತು ಮೂವತ್ತು ಪಾಲಿನ ಅಂತರವಿದ್ದಿರಬಹುದು. ಏಕದರದ ಪ್ರಕಾರ ಮೂವತ್ತು ಪಾಲು ಗಳಿಸಿದವನು ಮೂವತ್ತು ಪಾಲು ತೆರುತ್ತಾನೆ. ನಿಮ್ಮ ಕಲ್ಲಿನ ಪ್ರಕಾರ ಮೂರೂವರೆ ಪಾಲಿಗೂ ಕಡಿಮೆ. ಹಾಗಿದ್ದರೆ ಬಡವನ ಪಕ್ಷಪಾತಿ ಯಾರು?

ಇದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗಲೇ ವಿಷಯದ ತಿರುಳು ಕೈಗೆ ಸಿಕ್ಕುತ್ತದೆ. ಏಕೆಂದರೆ ಆ ಶಾಸನದ ಅಂಕೆಗಳು ಇಂದಿಗೆ ಮಾದರಿಯಲ್ಲ; ಅದರ ಹಿಂದಿರುವ ನೋಟ ಮಾದರಿ. ತೆರಿಗೆ ಎತ್ತುವ ಮೊದಲು ಆ ವ್ಯವಸ್ಥೆ ಮನೆಯನ್ನು ನೋಡುತ್ತದೆ, ಈ ಮನೆ ಎಂಥದು ಎಂದು ಕೇಳುತ್ತದೆ. ಏಕದರದ ಪಕ್ಷವು ನೋಡುವುದು ಮೊತ್ತವನ್ನು ಮಾತ್ರ; ಮನೆಯೊಳಗೆ ಅದು ಇಣುಕುವುದಿಲ್ಲ. ಅದರ ಬಲವೂ ದೌರ್ಬಲ್ಯವೂ ಅಲ್ಲಿಯೇ ಇವೆ.

ಒಂದು ಸರಳ ಲೆಕ್ಕವನ್ನು ಹಾಕೋಣ. ತಿಂಗಳಿಗೆ ಹತ್ತು ಸಾವಿರ ರೂಪಾಯಿ ದುಡಿಯುವ ಒಂದು ಕುಟುಂಬದಿಂದಲೂ, ಹತ್ತು ಲಕ್ಷ ದುಡಿಯುವ ಇನ್ನೊಂದರಿಂದಲೂ ಶೇಕಡಾ ಇಪ್ಪತ್ತನ್ನು ತೆಗೆದುಕೊಂಡೆವೆನ್ನಿ. ಒಬ್ಬನು ಎರಡು ಸಾವಿರ ಕೊಟ್ಟನು, ಇನ್ನೊಬ್ಬನು ಎರಡು ಲಕ್ಷ ಕೊಟ್ಟನು. ಕೊಟ್ಟದ್ದನ್ನು ನೋಡಿದರೆ ಶ್ರೀಮಂತನದೇ ದೊಡ್ಡ ತ್ಯಾಗ. ಉಳಿದದ್ದನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಮೊದಲನೆಯವನು ಕೊಟ್ಟ ಎರಡು ಸಾವಿರ ಮಗುವಿನ ಹಾಲಿನದು, ಮುದುಕಿಯ ಔಷಧಿಯದು. ಎರಡನೆಯವನು ಕೊಟ್ಟ ಎರಡು ಲಕ್ಷ ಬಹುಶಃ ಮುಂದಿನ ನಿವೇಶನದ್ದು. ದರ ಸಮವಾಯಿತು, ಭಾರ ಸಮವಾಗಲಿಲ್ಲ. ತೆರಿಗೆಯ ನ್ಯಾಯವನ್ನು ಅಳೆಯಬೇಕಾದದ್ದು ತೆಗೆದುಕೊಂಡ ಪಾಲಿನಿಂದಲ್ಲ, ಉಳಿದ ಪಾಲಿನಲ್ಲಿ ಮನುಷ್ಯ ಮನುಷ್ಯನಾಗಿ ಬಾಳಬಲ್ಲನೇ ಎಂಬುದರಿಂದ.

ಈ ಸತ್ಯವನ್ನು ಏಕದರದ ಹಿರಿಯರೂ ಒಳಗೊಳಗೇ ಒಪ್ಪಿದ್ದಾರೆ. ಏರುದರದ ತೆರಿಗೆಯನ್ನು ವಿರೋಧಿಸಿದ ಜಾನ್ ಸ್ಟುವರ್ಟ್ ಮಿಲ್‌ನೇ, ಜೀವನಾವಶ್ಯಕವಾದಷ್ಟು ಆದಾಯವನ್ನು ತೆರಿಗೆಯಿಂದ ಹೊರಗಿಡಬೇಕೆಂದು ಹೇಳಿದನು. ಎಸ್ಟೋನಿಯಾದಲ್ಲಿಯೂ ಒಂದು ಮಿತಿಯವರೆಗಿನ ಆದಾಯಕ್ಕೆ ತೆರಿಗೆಯಿಲ್ಲವೆಂಬ ವಿನಾಯಿತಿ ಉಂಟು. ಹಾಗೆ ವಿನಾಯಿತಿ ಕೊಟ್ಟ ಕ್ಷಣವೇ ಕಾಯಿದೆ ಮನೆಯೊಳಗೆ ಇಣುಕಿದಂತಾಯಿತು. ಸೊನ್ನೆ ಎಂಬುದು ಮೊದಲನೆಯ ಮೆಟ್ಟಿಲು, ಉಳಿದದ್ದು ಎರಡನೆಯ ಮೆಟ್ಟಿಲು. ಆಮೇಲೆ ಉಳಿಯುವ ವಾದ ಮೆಟ್ಟಿಲುಗಳು ಎಷ್ಟಿರಬೇಕೆಂಬುದು ಮಾತ್ರ. ಸ್ಲೊವಾಕಿಯಾ 2013ರಲ್ಲಿ ಎರಡನೆಯ ದರವನ್ನು ತಂದಿತು. ಲಾಟ್ವಿಯಾ 2018ರಲ್ಲಿ, ಲಿಥುವೇನಿಯಾ 2019ರಲ್ಲಿ ಏಕದರವನ್ನು ಬಿಟ್ಟವು. ರಷ್ಯವೂ 2021ರಲ್ಲಿ ಹೆಚ್ಚು ಆದಾಯದವರಿಗೆ ಶೇಕಡಾ 15 ಎಂದಿತು. 2025ರಿಂದ ಅಲ್ಲಿ ಐದು ಮೆಟ್ಟಿಲುಗಳಾಗಿವೆ. ಎಸ್ಟೋನಿಯಾ, ಬಲ್ಗೇರಿಯಾದಂಥ ಕೆಲವು ದೇಶಗಳು ಇನ್ನೂ ಏಕದರವನ್ನೇ ಹಿಡಿದುಕೊಂಡಿವೆ. ಅವು ಹಾಳಾಗಿ ಹೋಗಲಿಲ್ಲ ಎಂಬುದನ್ನೂ ಹೇಳದಿದ್ದರೆ ಅದು ನ್ಯಾಯವಾಗದು.

ಆದ್ದರಿಂದ ದರವೊಂದನ್ನೇ ಹಿಡಿದು ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡುವುದು ಸಾಧ್ಯವಿಲ್ಲ. ತೆರಿಗೆಯೆಂಬುದು ಅರ್ಧ ಮಾತು. ಬೊಕ್ಕಸವು ಏನನ್ನು ಮರಳಿ ಕೊಟ್ಟಿತು ಎಂಬುದು ಉಳಿದರ್ಧ. ಸ್ಲೊವಾಕಿಯಾದ ಏಕದರ 2004ರ ಜನವರಿಯಲ್ಲಿ ಜಾರಿಗೆ ಬಂದಿತು. ಅದೇ ಸುಧಾರಣೆಯ ಅಂಗವಾಗಿ ನಿರುದ್ಯೋಗಿಗಳಿಗೂ ಬಡವರಿಗೂ ಕೊಡುತ್ತಿದ್ದ ಸಹಾಯಧನವನ್ನು ಸರಕಾರ ಕಡಿಮೆ ಮಾಡಿತು. ಮರುತಿಂಗಳು ಆ ದೇಶದ ಪೂರ್ವಭಾಗದಲ್ಲಿ, ಕೆಲಸವಿಲ್ಲದ ರೋಮಾ ಜನರ ಕೇರಿಗಳಲ್ಲಿ ಗಲಭೆಗಳೆದ್ದು ದಿನಸಿ ಅಂಗಡಿಗಳು ಲೂಟಿಯಾದವು. ಪೊಲೀಸರ ಜೊತೆಗೆ ಸೈನ್ಯವನ್ನೂ ಕರೆಸಬೇಕಾಯಿತು. ಲೂಟಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಮೇಲಿನವರ ಹೊರೆ ಇಳಿದ ತಿಂಗಳುಗಳಲ್ಲಿಯೇ ಕೆಳಗಿನವರ ಗಂಜಿಯೂ ಇಳಿಯಿತಲ್ಲ ಎಂಬುದನ್ನು ಅಂಕಿಸಂಖ್ಯೆಗಳ ಸೊಗಸು ಮರೆಸಲಾರದು. ಪುಲಿಗೆರೆಯ ಶಾಸನದಲ್ಲಿ ಅರಸನ ಹೊಣೆ ಮೊದಲು, ಜನರ ಹೊಣೆ ಆಮೇಲೆ ಬಂದುದರ ಅರ್ಥ ಇಲ್ಲಿ ತಿಳಿಯುತ್ತದೆ.

ಇಷ್ಟು ದೂರದ ಮಾತು ನಮಗೇಕೆ ಎಂದು ಕೇಳುವವರಿರಬಹುದು. ನಮ್ಮ ದೇಶದ ಆದಾಯ ತೆರಿಗೆಯಲ್ಲಿ ಮೆಟ್ಟಿಲುಗಳಿವೆ. 2025ರ ಮುಂಗಡಪತ್ರವು ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿಯವರೆಗಿನ ಆದಾಯಕ್ಕೆ ತೆರಿಗೆ ಬಾರದಂತೆ ಮಾಡಿತು. ಆದರೆ ನಮ್ಮಲ್ಲಿಯೂ ಏಕದರದ ಒಂದು ದೊಡ್ಡ ತೆರಿಗೆ ಇದೆ, ಮತ್ತು ಅದನ್ನು ತೆರುವವರಿಗೆ ತಾವು ತೆರುತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ಬೆಟಗೇರಿಯ ನೇಕಾರನ ಹೆಂಡತಿ ಅಂಗಡಿಯಲ್ಲಿ ಒಂದು ಸಾಬೂನು ಕೊಳ್ಳುತ್ತಾಳೆ. ಹತ್ತಿ ಗಿರಣಿಯ ಮಾಲೀಕನ ಮನೆಗೂ ಅದೇ ಸಾಬೂನು ಹೋಗುತ್ತದೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಂದಿನಿಂದ 2025ರ ಸೆಪ್ಟೆಂಬರದವರೆಗೆ ಆ ಸಾಬೂನಿನ ಮೇಲೆ ಇಬ್ಬರೂ ತೆತ್ತದ್ದು ಶೇಕಡಾ 18; ಈಗ ಇಬ್ಬರೂ ತೆರುವುದು ಶೇಕಡಾ 5. ದರ ಇಳಿದದ್ದು ಸಂತೋಷದ ಸಂಗತಿಯೇ. ಆದರೆ ಕೊಳ್ಳುವವರ ಮನೆ ಎಂಥದೆಂದು ಸಾಬೂನು ಕೇಳುವುದಿಲ್ಲ. ಮುಂಡರಗಿಯ ಒಣಬೇಸಾಯದ ರೈತ ಕೊಳ್ಳುವ ರಸಗೊಬ್ಬರದ ಚೀಲವೂ ಕೇಳುವುದಿಲ್ಲ. ಆ ವರ್ಷ ಮಳೆ ಬಂತೋ ಇಲ್ಲವೋ ಎಂಬುದಂತೂ ಅದಕ್ಕೆ ಬೇಕಾಗಿಯೇ ಇಲ್ಲ.

ಇದರ ಅನ್ಯಾಯವನ್ನು ನಮ್ಮ ದೇಶಕ್ಕೆ ಮೊದಲು ಮನಮುಟ್ಟುವಂತೆ ತೋರಿಸಿದವರು ಗಾಂಧೀಜಿ. ಸ್ವರಾಜ್ಯದ ಹೋರಾಟಕ್ಕೆ ಅಷ್ಟೊಂದು ದೊಡ್ಡ ಪ್ರಶ್ನೆಗಳಿರುವಾಗ ಅವರು 1930ರಲ್ಲಿ ಉಪ್ಪನ್ನೇ ಏಕೆ ಆರಿಸಿಕೊಂಡರೆಂದು ಅನೇಕರು ಬೆರಗಾಗಿದ್ದರು. ದಂಡಿಗೆ ಹೊರಡುವ ಮೊದಲು ವೈಸರಾಯರಿಗೆ ಬರೆದ ಪತ್ರದಲ್ಲಿ ಅವರು, ದಿನಕ್ಕೆ ಎರಡಾಣೆಯೂ ದೊರಕದ ದೇಶದಲ್ಲಿ ವೈಸರಾಯರ ಸಂಬಳ ದಿನಕ್ಕೆ 700 ರೂಪಾಯಿಗೂ ಮಿಕ್ಕಿದೆಯೆಂದು ಲೆಕ್ಕ ತೋರಿಸಿದರು. ಆದರೆ ಇಬ್ಬರೂ ತಿನ್ನುವ ಉಪ್ಪಿನ ಅಳತೆ ಒಂದೇ. ಉಪ್ಪಿನ ತೆರಿಗೆಗಿಂತ ಹೆಚ್ಚು ಸಮವಾದ ತೆರಿಗೆ ಇನ್ನೊಂದಿರಲಾರದು. ಅದಕ್ಕಿಂತ ಹೆಚ್ಚು ವಿಷಮವಾದದ್ದೂ ಇರಲಾರದು. ನಮ್ಮ ನೆರೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಆ ದಂಡಿಯಾತ್ರೆಯಲ್ಲಿ ನಡೆದರು; ಅಂಕೋಲೆಯ ಕಡಲದಂಡೆಯಲ್ಲಿ ಕನ್ನಡಿಗರು ಉಪ್ಪು ಮಾಡಿದರು. 1947ರಲ್ಲಿ ಆ ತೆರಿಗೆ ಹೋಯಿತು, ಆದರೆ ಅದು ಎತ್ತಿದ ಪ್ರಶ್ನೆ ಸರಕಿನ ಮೇಲಿನ ಪ್ರತಿಯೊಂದು ತೆರಿಗೆಯಲ್ಲಿಯೂ ಇದೆ.

ಈ ಕಾರಣಕ್ಕಾಗಿಯೇ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತನ್ನು ಪರೀಕ್ಷಿಸಿ ನೋಡಬೇಕು. ‘ತೆರಿಗೆ ಕೊಡುವವರು ನಾವು, ಉಚಿತವಾಗಿ ಉಣ್ಣುವವರು ಅವರು’ ಎಂಬುದೇ ಆ ಮಾತು. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುವುದನ್ನು ಕಾಣುವವನಿಗೆ ಸಿಟ್ಟು ಬರುವುದು ಸಹಜ. ಬೊಕ್ಕಸದ ಹಣ ಪೋಲಾದಾಗ ಕೇಳುವ ಹಕ್ಕೂ ಅವನಿಗಿದೆ. ಆದರೆ ಅಕ್ಕಿಯೋ ಸಹಾಯಧನವೋ ಪಡೆಯುವ ಆ ‘ಅವರು’ ಸಾಬೂನಿನಲ್ಲಿ, ಎಣ್ಣೆಯಲ್ಲಿ, ಬಟ್ಟೆಯಲ್ಲಿ ದಿನವೂ ತೆತ್ತಿದ್ದಾರೆ. ಅವರಿಗೆ ರಸೀದಿ ಮಾತ್ರ ಸಿಕ್ಕಿಲ್ಲ. ಸಂಬಳದವನು ತನ್ನ ಆದಾಯದಲ್ಲಿ ಒಂದು ಪಾಲನ್ನು ಉಳಿಸುತ್ತಾನೆ, ಉಳಿಸಿದ ಪಾಲಿಗೆ ಸರಕಿನ ತೆರಿಗೆ ತಗಲುವುದಿಲ್ಲ. ಕೂಲಿಕಾರನು ಬಂದದ್ದನ್ನೆಲ್ಲ ಖರ್ಚು ಮಾಡಿಯೇ ಬದುಕಬೇಕು. ಆದ್ದರಿಂದ ಸರಕಿನ ತೆರಿಗೆ ಅವನ ಆದಾಯದ ಹೆಚ್ಚಿನ ಭಾಗವನ್ನು ಮುಟ್ಟುತ್ತದೆ. ಕೊಡುವವರು ಮತ್ತು ಉಣ್ಣುವವರು ಎಂದು ಊರನ್ನು ಎರಡಾಗಿ ಸೀಳುವ ಗೆರೆ ನಿಜದಲ್ಲಿ ಎಲ್ಲಿಯೂ ಇಲ್ಲ.

ಮುಕ್ತ ಪೇಟೆಯ ಪಕ್ಷಕ್ಕೆ ಇನ್ನೂ ಒಂದು ಉತ್ತರ ಉಳಿದಿದೆ. ಹಣವನ್ನು ಜನರ ಕೈಯಲ್ಲಿಯೇ ಬಿಡಿ, ತಮಗೆ ಬೇಕಾದುದನ್ನು ಅವರೇ ಕೊಂಡುಕೊಳ್ಳುತ್ತಾರೆ, ಸರಕಾರಕ್ಕಿಂತ ಚೆನ್ನಾಗಿ ಕೂಡಿ ಮಾಡಿಕೊಳ್ಳುತ್ತಾರೆ ಎಂದು ಅವರು ಹೇಳುತ್ತಾರೆ. ಜನರ ಶಕ್ತಿಯ ಮೇಲಿನ ಈ ನಂಬಿಕೆ ಸುಳ್ಳಲ್ಲ. ಗದಗಿನ ಮಗ್ಗುಲ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದಾಗ, ಸಾಲಕ್ಕಾಗಿ ಸಾವಕಾರನ ಬಾಗಿಲು ಕಾಯುತ್ತಿದ್ದ ಒಕ್ಕಲಿಗರು ತಮ್ಮ ಕಾಲ ಮೇಲೆ ತಾವು ನಿಲ್ಲುವ ದಾರಿಯನ್ನು ದೇಶಕ್ಕೇ ತೋರಿಸಿದರು. ಆದರೆ ಆ ಸಂಘಕ್ಕೂ 1904ರ ಸಹಕಾರಿ ಕಾಯಿದೆಯ ಆಸರೆ ಬೇಕಾಯಿತು. ಪೇಟೆಗೂ ಅಷ್ಟೆ. ತೂಕದ ಕಲ್ಲು ಸರಿಯಾಗಿದೆಯೇ ಎಂದು ನೋಡುವವನು, ಕರಾರು ಮುರಿದರೆ ವಿಚಾರಿಸುವ ನ್ಯಾಯಾಲಯ, ಹತ್ತಿಯ ಗಾಡಿ ಬರುವ ರಸ್ತೆ ಇವು ಇಲ್ಲದ ಕಡೆ ಪೇಟೆ ಕೂಡುವುದಿಲ್ಲ. ಮತ್ತು ಇವೆಲ್ಲಕ್ಕೂ ಬೊಕ್ಕಸವೇ ಗತಿ.

ಕೊಂಡುಕೊಳ್ಳುವ ಮಾತಿಗೆ ಗದಗ-ಬೆಟಗೇರಿಯ ಕುಡಿಯುವ ನೀರೇ ಸಾಕಷ್ಟು ಪಾಠವನ್ನು ಕಲಿಸಿದೆ. ದಶಕಗಳ ಕಾಲ ಈ ಅವಳಿನಗರ ನೀರಿನ ಬವಣೆಯನ್ನು ಉಂಡಿದೆ. ನಳದಲ್ಲಿ ನೀರು ಬಾರದ ದಿನಗಳಲ್ಲಿ ಅನುಕೂಲವಿದ್ದವನು ಟ್ಯಾಂಕರ್ ತರಿಸುತ್ತಾನೆ, ಇಲ್ಲವೆ ಕೊಳವೆಬಾವಿ ತೋಡಿಸುತ್ತಾನೆ. ಇಲ್ಲದವಳು ಕೊಡಗಳ ಸಾಲಿನಲ್ಲಿ ನಿಂತು ಆ ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾಳೆ. ಬೊಕ್ಕಸ ಬಡವಾದಾಗ ಎಲ್ಲರೂ ಸಮನಾಗಿ ಬಡವರಾಗುವುದಿಲ್ಲ. ಸಾರ್ವಜನಿಕ ನಳ, ಸಾರ್ವಜನಿಕ ಶಾಲೆ, ಸಾರ್ವಜನಿಕ ಆಸ್ಪತ್ರೆ ಇವು ಇಲ್ಲದವನ ಆಸ್ತಿ. ಉಳ್ಳವನಿಗೆ ಅವು ಅನೇಕ ದಾರಿಗಳಲ್ಲಿ ಒಂದು ಮಾತ್ರ.

ಹಾಗೆಂದು ಮೆಟ್ಟಿಲುಗಳನ್ನು ಆಕಾಶದವರೆಗೆ ಏರಿಸಬೇಕೆಂದು ಇದರ ತಾತ್ಪರ್ಯವಲ್ಲ. ಹೊಟ್ಟೆಕಿಚ್ಚಿನಿಂದ ಹುಟ್ಟಿದ ತೆರಿಗೆಯು ಯಾರನ್ನೂ ಸಲಹುವುದಿಲ್ಲವೆಂಬುದನ್ನು ಶೇಕಡಾ 97.75 ನಮಗೆ ಕಲಿಸಿದೆ. ಹೈಯೆಕ್ ಕೇಳಿದ ಮಿತಿಯ ಪ್ರಶ್ನೆಗೆ ಉತ್ತರ ದರಪಟ್ಟಿಯಲ್ಲಿ ಸಿಗುವುದಿಲ್ಲ, ಒಪ್ಪಂದದಲ್ಲಿ ಸಿಗುತ್ತದೆ. ಆಳುವವನು ತಾನು ಕಾಪಾಡಬೇಕಾದದ್ದನ್ನು ಮೊದಲು ಹೇಳಬೇಕು, ಹೇಳಿದಂತೆ ಕಾಪಾಡಬೇಕು, ಅದಕ್ಕೆ ಬೇಕಾದಷ್ಟನ್ನು ಮಾತ್ರ ಕೇಳಬೇಕು. ಕೇಳುವಾಗ ಕೊಡುವವನ ಮನೆಯಲ್ಲಿ ಉಳಿಯುವುದೆಷ್ಟು ಎಂದು ನೋಡಬೇಕು. ಸರಳತೆ ಬೇಕೆನ್ನುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಪುಲಿಗೆರೆಯ ನಾಲ್ಕು ಅಂಕೆಗಳನ್ನು ಓದುಬಾರದವನೂ ಬಾಯಲ್ಲಿ ಹೇಳಬಹುದಾಗಿತ್ತು. ಕಾಯಿದೆ ಸರಳವಾಗಿರಬೇಕೆಂಬುದಕ್ಕೂ, ಅದು ಕುರುಡಾಗಿರಬೇಕೆಂಬುದಕ್ಕೂ ಸಂಬಂಧವಿಲ್ಲ.

ಸ್ವಾತಂತ್ರ್ಯ ಬರುವವರೆಗೆ ಈ ಕರಿನೆಲವನ್ನು ಮೂರು ಬೊಕ್ಕಸಗಳು ಹಂಚಿಕೊಂಡಿದ್ದವು. ಗದಗ-ಮುಂಡರಗಿ ಇಂಗ್ಲಿಷರದು, ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗಲಿಯವರದು. ಜೋಳ ಒಂದೇ, ಮಳೆ ಒಂದೇ, ತೆರಿಗೆ ಕಟ್ಟುವ ಕಟ್ಟೆ ಮಾತ್ರ ಬೇರೆ ಬೇರೆ. ಇಂದು ಬೊಕ್ಕಸ ನಮ್ಮದೇ ಆಗಿದೆ. ದರವನ್ನು ಗೊತ್ತುಪಡಿಸುವವರನ್ನು ಆರಿಸಿ ಕಳಿಸುವವರೂ ನಾವೇ. ಆದ್ದರಿಂದ ಮುಂಗಡಪತ್ರದ ದಿನ ಪತ್ರಿಕೆಯನ್ನು ಬಿಚ್ಚಿದಾಗ ನಮಗೆಷ್ಟು ಉಳಿಯಿತೆಂದು ನೋಡಿ ಪುಟ ತಿರುವಿಬಿಡುವುದು ಸಾಲದು. ಮೂರು ಪಣದ ಮನೆಯಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕವನ್ನೂ ಅದೇ ಪುಟದಲ್ಲಿ ಹುಡುಕಬೇಕು. ಅದು ಅಲ್ಲಿ ಇಲ್ಲದಿದ್ದರೆ ಏಕಿಲ್ಲವೆಂದು ಕೇಳಬೇಕು.